ನಿಷ್ಪ್ರತೀಕಾರ ರೋಗವೆಂದರೆ ಯಾವುದು?

ಪರಿಹಾರವೇ ಇಲ್ಲದ ಉಪಸರ್ಗ, ದುರ್ಭಿಕ್ಷ, ವಾರ್ಧಕ್ಯ, ರೋಗ ಇವು ಒದಗಿದಾಗ ಧರ್ಮಕ್ಕಾಗಿ ದೇಹತ್ಯಾಗ ಸಲ್ಲುವುದೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ. ಶಸ್ತ್ರಚಿಕಿತ್ಸೆ ಸಾಧ್ಯವೆಂದ ಮಾತ್ರಕ್ಕೆ ರೋಗಕ್ಕೆ ಪ್ರತೀಕಾರವಿದೆ ಎನ್ನಬಹುದೇ ಎಂಬುದು ಇಂದಿನ ಶ್ರಾವಕನ ಮುಂದಿರುವ ಪ್ರಶ್ನೆ.

ಬಾಯಿ, ಗಂಟಲುಗಳ ಕ್ಯಾನ್ಸರು ವಿಕಿರಣ ಚಿಕಿತ್ಸೆಯ ತರುವಾಯ ಮರುಕಳಿಸಿದಾಗ, ಗೆಡ್ಡೆಯು ಕೆಲವೊಮ್ಮೆ ಮಿದುಳಿಗೆ ರಕ್ತವೊಯ್ಯುವ ಕತ್ತಿನ ಧಮನಿಯನ್ನೇ ಸುತ್ತುವರಿಯುತ್ತದೆ. ಮುಕ್ಕಾಲು ಸುತ್ತಿಗೂ, ಅಂದರೆ 270 ಡಿಗ್ರಿಗೂ, ಮಿಗಿಲಾಗಿ ಆವರಿಸಿದ್ದರೆ ಧಮನಿಯನ್ನು ಬಿಡಿಸಿಕೊಳ್ಳುವುದು ಬಹುತೇಕ ಅಸಾಧ್ಯ. ಆಗ ಆ ಭಾಗವನ್ನು ಕತ್ತರಿಸಿ ಕಾಲಿನ ರಕ್ತನಾಳವನ್ನು ಜೋಡಿಸಬೇಕು, ಇಲ್ಲವೇ ಧಮನಿಯನ್ನು ಕಟ್ಟಿಬಿಡಬೇಕು. ಮಿದುಳು ಅದನ್ನು ಸಹಿಸುವುದೇ ಎಂದು ಪುಟ್ಟ ಬಲೂನಿನಿಂದ ರಕ್ತವನ್ನು ಸ್ವಲ್ಪ ಹೊತ್ತು ತಡೆದು ಮೊದಲೇ ಪರೀಕ್ಷಿಸುವರು. ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೂ ಪಾರ್ಶ್ವವಾಯುವಿನ ಭಯ ಪೂರ್ಣವಾಗಿ ತಪ್ಪದು. ಕೆಲವರು ಬದುಕಿ ಉಳಿಯುತ್ತಾರೆ. ಹಲವರಲ್ಲಿ ರೋಗ ಮತ್ತೆ ತಲೆಯೆತ್ತುತ್ತದೆ.

ಆದುದರಿಂದ ಪ್ರತೀಕಾರವನ್ನು ರೋಗವೊಂದನ್ನೇ ನೋಡಿ ನಿರ್ಣಯಿಸಲಾಗದು. ರೋಗಿ, ದೇಶ, ಕಾಲಗಳನ್ನೂ ಕೂಡಿಸಿ ನೋಡಬೇಕು. ಕೊಡಗಿನ ಮಾಕುಟ್ಟದಲ್ಲಿ ಇಂಥ ರೋಗಿಯೊಬ್ಬನಿರುವನೆಂದು ಭಾವಿಸೋಣ. ಗಡಿ ದಾಟಿದರೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಕೇಂದ್ರ. ಘಟ್ಟ ಹತ್ತಿದರೆ ವಿರಾಜಪೇಟೆ, ಮುಂದೆ ಮೈಸೂರು, ಬೆಂಗಳೂರಿನ ಕಿದ್ವಾಯಿ. 2018ರ ಮಳೆಗಾಲದಲ್ಲಿ ಗುಡ್ಡ ಕುಸಿದು ಆ ಘಟ್ಟದ ದಾರಿಯೇ ಮುಚ್ಚಿತ್ತು. ವಿಕಿರಣದಿಂದ ಶಿಥಿಲವಾದ ಧಮನಿ ಒಡೆದರೆ ಉಳಿಯುವುದು ಕೆಲವೇ ನಿಮಿಷ.

ಹಾಗೆಂದು ಭಯದಿಂದ ಚಿಕಿತ್ಸೆಯನ್ನು ಬಿಡುವುದು ವ್ರತವಲ್ಲ. ಗಂಟಲು ಮುಚ್ಚಿ ಅನ್ನವಿಳಿಯದಿರುವುದು ಉಪವಾಸವೂ ಅಲ್ಲ. ಕೈಗೆಟಕುವುದನ್ನು ಬಿಟ್ಟರೆ ತಾನೇ ತ್ಯಾಗ? ಮೊದಲು ನಳಿಕೆಯ ಮೂಲಕ ಆಹಾರ ದೊರೆಯಲಿ, ತಕ್ಕ ಪ್ರಮಾಣದ ಮಾರ್ಫಿನ್ ನೋವನ್ನು ತಗ್ಗಿಸಲಿ. ವೇದನೆಯ ಚಿಂತೆಯೇ ಆರ್ತಧ್ಯಾನವಾಗಿರುವಾಗ, ನೋವು ಶಮನಗೊಳಿಸುವುದನ್ನು ಧರ್ಮಕ್ಕೆ ವಿಘ್ನವೆನ್ನಲಾಗದು. ಮನೆಯವರು ರೋಗದ ಸತ್ಯವನ್ನು ಮರೆಮಾಚಿದಲ್ಲಂತೂ ರೋಗಿಗೆ ವ್ರತವೂ ಇಲ್ಲ, ಆಯ್ಕೆಯೂ ಇಲ್ಲ. ಕೊನೆಗಾಲದ ಚಿಕಿತ್ಸೆಯ ಬಗ್ಗೆ ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ಮಾನ್ಯ ಮಾಡಿದೆ. ಆದರೆ ಸತ್ಯ ತಿಳಿಯದವನು ಬರೆದಿಡುವುದಾದರೂ ಏನನ್ನು?

ಎಲ್ಲವನ್ನೂ ತಿಳಿದು ಶಸ್ತ್ರಚಿಕಿತ್ಸೆಗೆ ಒಪ್ಪಿದವನನ್ನು ದೇಹಮೋಹಿ ಎನ್ನಬಾರದು. ತಿಳಿದೇ ಬೇಡವೆಂದವನನ್ನು ಹೇಡಿ ಎನ್ನಲೂಬಾರದು. ಬೇಡವೆಂದವನ ಮನೆಯಲ್ಲಿ, ರಕ್ತ ಕಂಡು ಅವನು ಬೆದರದಂತೆ ಗಾಢವರ್ಣದ ಬಟ್ಟೆಯನ್ನೂ ವೈದ್ಯರು ಹೇಳಿದ ಶಮನದ ಔಷಧಿಯನ್ನೂ ಸಿದ್ಧವಾಗಿಟ್ಟುಕೊಂಡು, ಕೈಹಿಡಿದು ಬಳಿಯಲ್ಲಿ ಕುಳಿತಿರುವುದು ಬಂಧುಗಳ ಪಾಲಿನ ವೈಯಾವೃತ್ತ್ಯ.