ನೋಡುವವನ ರೂಪ

ಚಿತ್ರಕಾರನು ತನ್ನ ಮುಖವನ್ನು ತಾನೇ ಬರೆದಾಗ ಆ ಪಟದಲ್ಲಿ ಮೂಡುವುದು ಅವನೇ ಹೌದೇ, ಇಲ್ಲವೆ ಅವನ ಕಣ್ಣಿಗೆ ವಿಷಯವಾದ ಮತ್ತೊಂದು ವಸ್ತು ಮಾತ್ರವೇ ಎಂಬ ಪ್ರಶ್ನೆಯನ್ನು ಯುರೋಪಿನ ಚಿತ್ರಶಾಲೆಗಳಿಗೆ ಸೇರಿದ್ದೆಂದು ಬಿಟ್ಟುಬಿಡುವುದು ನಮಗೆ ಸಲ್ಲದು. ಚಿಂಚೋಳಿಯ ಗುಡ್ಡಗಾಡಿನಿಂದ ಭೀಮಾತೀರದ ಸನ್ನತಿಯವರೆಗೆ ಹಬ್ಬಿರುವ ಸೀಮೆಯನ್ನು ಇಂದು ತೊಗರಿಗೂ ಸಿಮೆಂಟಿಗೂ ಶಹಾಬಾದಿ ಕಲ್ಲಿಗೂ ಹೆಸರಾದುದೆಂದಷ್ಟೇ ಬಲ್ಲವರು ಬಹಳ; ಆದರೆ ಅರಿಯುವವನು ತನ್ನನ್ನು ತಾನು ಅರಿಯಬಲ್ಲನೇ ಎಂಬ ವಿಚಾರವು ಈ ನೆಲದಲ್ಲಿ ಶತಮಾನಗಳ ಕಾಲ, ಒಂದಲ್ಲ ಒಂದು ಮತದ ಆಶ್ರಯದಲ್ಲಿ, ಅಳಿಯದೆ ನಡೆದುಬಂದಿದೆ.

ಮೊದಲು ಪ್ರಶ್ನೆಯ ತೊಡಕನ್ನು ಒಂದು ಪಟದಲ್ಲಿಯೇ ನೋಡಬಹುದು. ಡಚ್ ಚಿತ್ರಕಾರನಾದ ರೆಂಬ್ರಾಂಟನು (1606–1669) ಯೌವನದಿಂದ ಮರಣದ ವರ್ಷದವರೆಗೆ, ಸುಮಾರು ನಾಲ್ಕು ದಶಕಗಳ ಕಾಲ, ತನ್ನ ಮುಖವನ್ನು ಬಿಡದೆ ಬರೆದವನು. ಆತನ ಆತ್ಮಚಿತ್ರಗಳಲ್ಲಿ ತೈಲವರ್ಣದವೇ ನಲವತ್ತರ ಆಸುಪಾಸಿನಲ್ಲಿವೆ. ಅವುಗಳಲ್ಲೊಂದು, 1665ರ ಸುಮಾರಿನದು, ಲಂಡನ್ನಿನ ಕೆನ್‌ವುಡ್ ಭವನದಲ್ಲಿದೆ: ತಲೆಯ ಮೇಲೆ ಬಿಳಿಯ ಟೊಪ್ಪಿಗೆ, ಬೆನ್ನ ಹಿಂದಿನ ಗೋಡೆಯಲ್ಲಿ ಎರಡು ದೊಡ್ಡ ವೃತ್ತಗಳ ಕಮಾನು, ಕೈಯಲ್ಲಿ ವರ್ಣಫಲಕ ಮತ್ತು ಕುಂಚಗಳು. ಮುಖವನ್ನು ತಿದ್ದಿ ತೀಡಿದ ಈ ಚಿತ್ರದಲ್ಲಿ ಕೈಗಳು ಮಾತ್ರ ಒರಟು ಬಣ್ಣದ ನಾಲ್ಕಾರು ಎಳೆತಗಳಾಗಿ ನಿಂತಿವೆ. ಕ್ಷಕಿರಣಗಳಿಂದ ಪರೀಕ್ಷಿಸಿದಾಗ ಒಳಪದರದಲ್ಲಿ ಕುಂಚವು ಮತ್ತೊಂದು ಕೈಯಲ್ಲಿ ಕಂಡಿತು. ಎಂದರೆ, ಆತನು ಮೊದಲು ಕನ್ನಡಿಯು ತೋರಿಸಿದಂತೆ, ಎಡಬಲಗಳು ಅದಲುಬದಲಾದ ತನ್ನನ್ನು ಬರೆದು, ತರುವಾಯ ಎದುರಿಗೆ ನಿಂತವರು ಕಾಣುವ ತನ್ನನ್ನು ಅದರ ಮೇಲೆ ಬರೆದನು. ಕನ್ನಡಿಯೊಳಗಿನವನೂ ತಾನಲ್ಲ, ಪರರ ಕಣ್ಣಿನವನೂ ತಾನಲ್ಲ. ಹಾಗಾದರೆ ಎರಡನ್ನೂ ಹೋಲಿಸಿ ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸಿದ ಮೂರನೆಯವನು ಪಟದ ಯಾವ ಭಾಗದಲ್ಲಿದ್ದಾನೆ?

ಈ ಮೂರನೆಯವನನ್ನು ಕುರಿತು ವಾದಿಸಬಲ್ಲ ಎರಡು ದರ್ಶನಗಳನ್ನು ಒಂದೇ ಸೂರಿನಡಿಯಲ್ಲಿ ಪಾಠ ಹೇಳಿಸುತ್ತಿದ್ದ ವಿದ್ಯಾಸ್ಥಾನವು ಚಿತ್ತಾಪುರದ ಮಗ್ಗುಲಿನ ನಾಗಾವಿಯ ಘಟಿಕಾಸ್ಥಾನ. ಕಲ್ಯಾಣದ ಚಾಲುಕ್ಯರ ತ್ರೈಲೋಕ್ಯಮಲ್ಲ ಒಂದನೆಯ ಸೋಮೇಶ್ವರನ ಆಳ್ವಿಕೆಯಲ್ಲಿ ದಂಡನಾಯಕ ಮಧುಸೂದನನು ಏರ್ಪಡಿಸಿದ ಈ ಸಂಸ್ಥೆಯ ವಿವರವನ್ನು 1058ರ ಶಾಸನವು ಲೆಕ್ಕವಿಟ್ಟು ಹೇಳುತ್ತದೆ: ವೇದಾಧ್ಯಯನಕ್ಕೆ 200 ಮಂದಿ, ಶಾಸ್ತ್ರಾಧ್ಯಯನಕ್ಕೆ 52 ಮಂದಿ, ವೇದವನ್ನು ಕಲಿಸಲು ಮೂವರು, ಭಾಟ್ಟದರ್ಶನ, ನ್ಯಾಸ, ಪ್ರಾಭಾಕರಗಳಿಗೆ ಒಬ್ಬೊಬ್ಬ ಉಪಾಧ್ಯಾಯ, ಪುಸ್ತಕಗಳನ್ನು ಕಾಯಲು ಆರು ಮಂದಿ ಸರಸ್ವತೀಭಂಡಾರಿಗರು. ಪುಸ್ತಕ ಕಾಯುವವರಿಗೂ ಶಾಸನದಲ್ಲಿ ಸ್ಥಾನ ಕೊಟ್ಟ ಆ ಕಾಲವನ್ನು ನೆನೆದಾಗ ಮನಸ್ಸು ತುಂಬಿಬರುತ್ತದೆ. ಇಂದು ಅಲ್ಲಿ ಉಳಿದಿರುವ ಕಂಬಸಾಲುಗಳ ಗುಡಿಗಳನ್ನು ನೋಡಿ ಬಂದವರಿಗೆ ಆ ಭಾವ ಇನ್ನೂ ಗಾಢವಾಗುತ್ತದೆ.

ಮೀಮಾಂಸೆಯ ಎರಡು ಪಂಗಡಗಳಾದ ಭಾಟ್ಟರಿಗೂ ಪ್ರಾಭಾಕರರಿಗೂ ವೈದಿಕ ಕರ್ಮದಲ್ಲಿ ಸಮಾನ ಶ್ರದ್ಧೆಯಿದ್ದರೂ, ಆತ್ಮದ ಅರಿವಿನ ವಿಷಯದಲ್ಲಿ ಅವರ ದಾರಿಗಳು ಬೇರೆ. ‘ನಾನು’ ಎಂಬ ಪ್ರತ್ಯಯಕ್ಕೆ ಆತ್ಮವೇ ವಿಷಯವಾಗುತ್ತದೆಯೆಂದು ಭಾಟ್ಟರ ಮೂಲಗುರು ಕುಮಾರಿಲಭಟ್ಟರ ಪಕ್ಷ. ಕತ್ತಿಯು ತನ್ನನ್ನು ತಾನು ಕಡಿದುಕೊಳ್ಳಲಾರದಂತೆ ಒಂದೇ ವಸ್ತು ಕರ್ತೃವೂ ಕರ್ಮವೂ ಆಗಲಾರದಲ್ಲ ಎಂದು ಆಕ್ಷೇಪಿಸಿದರೆ, ಆತ್ಮವು ದ್ರವ್ಯವಾಗಿ ಅರಿಯಲ್ಪಡುತ್ತದೆ, ಬೋಧರೂಪದಿಂದ ಅರಿಯುತ್ತದೆ, ಆದುದರಿಂದ ವಿರೋಧವಿಲ್ಲವೆಂದು ಅವರ ಸಮಾಧಾನ. ಪ್ರಾಭಾಕರರು ಇದನ್ನು ಒಪ್ಪುವುದಿಲ್ಲ. ಅವರ ಮತದಲ್ಲಿ ಪ್ರತಿಯೊಂದು ಜ್ಞಾನದಲ್ಲಿಯೂ ಜ್ಞೇಯ, ಜ್ಞಾತೃ, ಜ್ಞಾನ ಎಂಬ ಮೂರೂ ಒಟ್ಟಿಗೆ ತೋರುತ್ತವೆ. ಗಡಿಗೆಯನ್ನು ಕಂಡಾಗ ಗಡಿಗೆಯು ಕಾಣಲ್ಪಟ್ಟದ್ದಾಗಿಯೂ, ನಾನು ಕಂಡವನಾಗಿಯೂ ಬೆಳಗುತ್ತೇವೆ. ಆದರೆ ನಾನು ಎಂದಿಗೂ ಗಡಿಗೆಯಂತೆ ಎದುರಿಗೆ ಬಂದು ಕೂರುವುದಿಲ್ಲ. ಹೊರವಸ್ತುವಿನ ಅರಿವೊಂದು ನಡೆಯುತ್ತಿರುವಾಗಲೇ ಆತ್ಮದ ತೋರಿಕೆ. ಸುಷುಪ್ತಿಯಲ್ಲಿ ಅರಿವಿಲ್ಲ, ಆದುದರಿಂದ ಆತ್ಮದ ತೋರಿಕೆಯೂ ಇಲ್ಲ.

ಈ ಭೇದವು ತರ್ಕದ ಕೂದಲು ಸೀಳುವಿಕೆಯೆಂದು ತೋರಿದವರು ಇದನ್ನು ಚಿತ್ರಗಳ ಮುಂದೆ ಇಟ್ಟು ನೋಡಬೇಕು. ಕನ್ನಡಿಯೆದುರು ಕುಳಿತು ತನ್ನ ಮುಖವನ್ನು ವಿಷಯವಾಗಿಸಿಕೊಂಡವನು ಭಾಟ್ಟಪಕ್ಷವನ್ನು ಹಿಡಿದವನು. ಆದರೆ 1888ರಲ್ಲಿ ವ್ಯಾನ್ ಗೋ ಬರೆದ ಒಂದು ಕುರ್ಚಿಯ ಚಿತ್ರವುಂಟು: ಹುಲ್ಲುಹೆಣಿಗೆಯ ಆಸನ, ಬಣ್ಣ ಬಳಿಯದ ಮರದ ಕಾಲುಗಳು, ಕೆಂಪು ಹೆಂಚಿನ ನೆಲ, ಆಸನದ ಮೇಲೆ ಒಂದು ಹೊಗೆಕೊಳವೆ ಮತ್ತು ತಂಬಾಕಿನ ಪೊಟ್ಟಣ, ಮನುಷ್ಯನಿಲ್ಲ. ಮಾದರಿಯಾಗಿ ಕೂರುವವರಿಗೆ ಕೊಡಲು ಹಣವಿಲ್ಲದೆ ಪ್ಯಾರಿಸಿನಲ್ಲಿ ತನ್ನ ಮುಖವನ್ನೇ ಮತ್ತೆ ಮತ್ತೆ ಬರೆದ ಆ ಬಡ ಕಲಾವಿದನ ಆತ್ಮಚಿತ್ರಗಳ ಪೈಕಿ ಈ ಕುರ್ಚಿಯನ್ನು ಸಾಮಾನ್ಯವಾಗಿ ಎಣಿಸುವುದಿಲ್ಲ. ನಾನಾದರೋ ಅದನ್ನೇ ಮೊದಲು ಎಣಿಸುವೆನು. ಕುರ್ಚಿಯನ್ನು ಅಷ್ಟು ವಾತ್ಸಲ್ಯದಿಂದ, ಅಷ್ಟು ಒಂಟಿತನದಿಂದ ಕಂಡ ಕಣ್ಣು ಯಾರದೆಂಬುದು ಆ ಪಟದಲ್ಲಿ ಮರೆಯಾಗದೆ ನಿಂತಿದೆ. ನೋಡುವವನು ತನ್ನನ್ನು ನೋಡಿಕೊಳ್ಳಲು ಹೊರಟಾಗ ತಪ್ಪಿಸಿಕೊಳ್ಳುತ್ತಾನೆ, ಮತ್ತೊಂದನ್ನು ಮನಸಾರೆ ನೋಡಿದಾಗ ಸಿಕ್ಕಿಬೀಳುತ್ತಾನೆ ಎಂಬುದು ಪ್ರಾಭಾಕರಮತದಿಂದ ನಾನು ತೆಗೆದುಕೊಳ್ಳುವ ಅಭಿಪ್ರಾಯ. ನಾಗಾವಿಯ ಆಚಾರ್ಯನು ಇದನ್ನು ಇಷ್ಟು ದೂರ ಎಳೆಯಲು ಒಪ್ಪುತ್ತಿದ್ದನೋ ಇಲ್ಲವೋ, ನನಗೆ ಮಾತ್ರ ಇದು ಸತ್ಯಕ್ಕೆ ಸಮೀಪವೆಂದು ತೋರುತ್ತದೆ.

ಸನ್ನತಿಯಲ್ಲಿ ಇದಕ್ಕೆ ಬೇರೊಂದು ಬಗೆಯ ಸಾಕ್ಷ್ಯವುಂಟು. 1986ರಲ್ಲಿ ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಯ ಗುಡಿಯ ಮಾಡು ಕುಸಿದಾಗ, ವಿಗ್ರಹಕ್ಕೆ ಪೀಠವಾಗಿ ಹಾಸಿದ್ದ ಚಪ್ಪಡಿಯಲ್ಲಿ ಅಶೋಕನ ಶಾಸನವು ಹೊರಬಿದ್ದಿತು. ವಿಗ್ರಹವನ್ನು ನಿಲ್ಲಿಸಲೆಂದು ನಡುವೆ ಕೊರೆದ ಕುಳಿಯು ಅಕ್ಷರಗಳನ್ನು ನುಂಗಿದ್ದರೂ, ಚಪ್ಪಡಿಯ ಎರಡು ಪಕ್ಕಗಳಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಶಾಸನಗಳೂ, ಕಳಿಂಗದಲ್ಲಿ ದೊರೆತಿದ್ದ ಎರಡು ಪ್ರತ್ಯೇಕ ಶಾಸನಗಳೂ ಇವೆ. ಹನ್ನೆರಡನೆಯದರಲ್ಲಿ ಚಕ್ರವರ್ತಿಯು ಎಲ್ಲ ಮತಗಳ ಸಾರವೂ ಬೆಳೆಯಲಿ, ತನ್ನ ಮತವನ್ನು ಹೊಗಳಿ ಪರಮತವನ್ನು ಹಳಿಯುವ ನಾಲಗೆಗೆ ಕಡಿವಾಣವಿರಲಿ ಎನ್ನುತ್ತಾನೆ. ಅಲ್ಲಿಂದ ಕೂಗಳತೆಯ ಕನಗನಹಳ್ಳಿಯಲ್ಲಿ, 1990ರ ದಶಕದ ಉತ್ಖನನದಲ್ಲಿ, ಮಹಾಸ್ತೂಪದ ಚಪ್ಪಡಿಯೊಂದರ ಮೇಲೆ ರಾಣಿಯೊಡನೆ ನಿಂತ ಅರಸನೂ, ಛತ್ರಚಾಮರ ಹಿಡಿದ ಪರಿಚಾರಿಕೆಯರೂ ಕಾಣಿಸಿಕೊಂಡರು. ಬ್ರಾಹ್ಮೀ ಲಿಪಿಯಲ್ಲಿ ಆತನು ಅಶೋಕರಾಜನೆಂದು ಹೆಸರು ಬರೆದಿದೆ. ಇದನ್ನು ಕಡೆದದ್ದು ಅಶೋಕನು ಕಾಲವಾಗಿ ಅನೇಕ ತಲೆಮಾರುಗಳು ಸಂದ ಮೇಲೆ. ಶಿಲ್ಪಿಯು ಆತನನ್ನು ಕಂಡವನಲ್ಲ. ಹೀಗೆ ಒಂದೇ ಊರಿನ ಸರಹದ್ದಿನಲ್ಲಿ ಚಕ್ರವರ್ತಿಯ ಮುಖವೂ ಮಾತೂ ದೊರೆತಿವೆ. ಮುಖವು ಯಾವ ಅರಸನದಾದರೂ ಆಗಬಹುದಾದದ್ದು. ಹೆಸರನ್ನು ಅಳಿಸಿದರೆ ಪಕ್ಕದ ಚಪ್ಪಡಿಗಳ ಸಾತವಾಹನ ಅರಸರಿಂದ ಅವನನ್ನು ಬೇರ್ಪಡಿಸುವುದು ಕಷ್ಟ. ಮಾತನ್ನಾದರೋ ಮತ್ತಾವ ಅರಸನೂ ಆಡಿರಲಾರನು. ತನ್ನ ವಿಷಯವನ್ನು ಬಿಟ್ಟು ಪ್ರಜೆಗಳ ವಿಷಯವನ್ನು ಆಡುತ್ತಿರುವಾಗ ಆ ಮನುಷ್ಯನು ನಮಗೆ ಗುರುತಾಗುತ್ತಾನೆ.

ಜರ್ಮನಿಯ ಡ್ಯೂರರನು 1500ರಲ್ಲಿ, ತನ್ನ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಬರೆದ ಪಟವು ಇವೆಲ್ಲಕ್ಕೂ ಎದುರಾಳಿಯಂತೆ ನಿಲ್ಲುತ್ತದೆ. ಮ್ಯೂನಿಕ್ಕಿನಲ್ಲಿರುವ ಆ ಚಿತ್ರದಲ್ಲಿ ಅವನು ನೇರವಾಗಿ ನಮ್ಮನ್ನೇ ನೋಡುತ್ತಾನೆ. ಹೆಗಲಿಗಿಳಿದ ಸುರುಳಿಗೂದಲು, ಕತ್ತಲೆಯ ಹಿನ್ನೆಲೆ, ತುಪ್ಪುಳದ ಅಂಗಿಯ ಅಂಚನ್ನು ಮುಟ್ಟುವ ಬಲಗೈ. ಆ ಕಾಲದಲ್ಲಿ ಕ್ರಿಸ್ತನ ಮುಖವನ್ನು ಬರೆಯುವ ರೀತಿಯಲ್ಲಿಯೇ ತನ್ನ ಮುಖವನ್ನು ಬರೆದುಕೊಂಡಿದ್ದಾನೆ. ಅಹಂಕಾರದ ಪರಮಾವಧಿಯೆಂದು ಹೇಳಿ ಮುಗಿಸುವುದು ಸುಲಭ. ಆದರೆ ದೇವರು ಮನುಷ್ಯನನ್ನು ತನ್ನ ಪ್ರತಿರೂಪವಾಗಿ ಸೃಷ್ಟಿಸಿದನೆಂದು ನಂಬಿದ ಮತದಲ್ಲಿ ಹುಟ್ಟಿದವನು ತನ್ನ ಮುಖದಲ್ಲಿ ಮೂಲದ ಹೋಲಿಕೆಯನ್ನು ಹುಡುಕಿದರೆ ಅದನ್ನು ಗರ್ವವೆನ್ನಬೇಕೆ, ಋಣಸ್ವೀಕಾರವೆನ್ನಬೇಕೆ? ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿ, ಉತ್ತರಾದಿಮಠದವರು ಆರಾಧಿಸುವ ಟೀಕಾಚಾರ್ಯ ಜಯತೀರ್ಥರ ವೃಂದಾವನವಿದೆ. ಅವರು ವಿವರಿಸಿದ ಮಧ್ವಸಿದ್ಧಾಂತದಲ್ಲಿ ಜೀವನು ಹರಿಯ ಪ್ರತಿಬಿಂಬ. ಆದರೆ ಈ ಪ್ರತಿಬಿಂಬಕ್ಕೆ ಹೊರಗಿನ ಕನ್ನಡಿಯೊಂದು ಬೇಕಿಲ್ಲ, ಸೂರ್ಯನಿಗೆ ಮಳೆಬಿಲ್ಲು ಹೇಗೋ ಹಾಗೆ. ಬಿಂಬಕ್ಕೆ ಅಧೀನವಾಗಿ, ಅದಕ್ಕೆ ಸದೃಶವಾಗಿ, ಎಂದೆಂದಿಗೂ ಅದರಿಂದ ಭಿನ್ನವಾಗಿ ಇರುವುದೇ ಜೀವನ ಸ್ವರೂಪ. ಡ್ಯೂರರನ ಪಟದ ಸಾದೃಶ್ಯವನ್ನು ಈ ಅಧೀನತೆಯ ಕಣ್ಣಿನಿಂದ ನೋಡಿದಾಗ ಅದರ ಗಾಂಭೀರ್ಯವು ನನಗೆ ಹೆಚ್ಚು ತಿಳಿಯುತ್ತದೆ. ಆದರೂ ಆ ಯತಿಗಳ ವೃಂದಾವನದಲ್ಲಿ ಮುಖವೇ ಇಲ್ಲವೆಂಬುದನ್ನು ಮರೆಯಲಾಗದು. ಗ್ರಂಥಕ್ಕೆ ಟೀಕೆ ಬರೆಯುವುದರಲ್ಲಿ ಆಯುಷ್ಯ ಕಳೆದು, ಟೀಕೆಯಿಂದಲೇ ಹೆಸರು ಪಡೆದವರನ್ನು ಭಕ್ತರು ನೆನೆಯುವುದು ಮಣ್ಣು ಮತ್ತು ತುಲಸಿಯಿಂದ.

ಇದೇ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಕಾಲದಲ್ಲಿ ಅಲ್ಲಿ ಒಂದು ಆತ್ಮಚಿತ್ರವು ಅಕ್ಷರಗಳಲ್ಲಿ ಮೂಡಿತು. ಅಪಭ್ರಂಶ ಭಾಷೆಯ ಮಹಾಕವಿ ಪುಷ್ಪದಂತನು ಶೈವಬ್ರಾಹ್ಮಣರ ಮನೆಯಲ್ಲಿ ಹುಟ್ಟಿ, ಜೈನಮತವನ್ನು ಹೊಂದಿ, ದೂರದ ದಾರಿ ನಡೆದು ಬಳಲಿ ಬಂದು ಊರ ಹೊರಗಿನ ಉಪವನದಲ್ಲಿ ಮಲಗಿದ್ದನಂತೆ. ನಗರದೊಳಗೆ ಹೋಗೆಂದು ದಾರಿಹೋಕರು ಹೇಳಿದಾಗ, ದುರ್ಜನರ ಗಂಟಿಕ್ಕಿದ ಹುಬ್ಬನ್ನು ನೋಡುವುದಕ್ಕಿಂತ ಗಿರಿಗುಹೆಯಲ್ಲಿ ಸೊಪ್ಪು ತಿಂದಿರುವುದು ಲೇಸೆಂದನಂತೆ. ಮೂರನೆಯ ಕೃಷ್ಣನ ಮಂತ್ರಿ ಭರತನು ಆತನನ್ನು ತನ್ನ ಮನೆಗೆ ಕರೆದೊಯ್ದು ಉಪಚರಿಸಿದ ಮೇಲೆ ಆರಂಭವಾದ ಮಹಾಪುರಾಣವು 965ರಲ್ಲಿ ಮುಗಿಯಿತು. ಅದರಲ್ಲಿ ಕವಿಯು ತನ್ನನ್ನು ಕುರಿತು ಹೇಳಿಕೊಳ್ಳುವ ಸಂಗತಿಗಳು ಆಶ್ಚರ್ಯಕರವಾದವು: ಮೈ ಕಪ್ಪು, ರೂಪ ತೀರ ಕುರೂಪ, ಮನೆಯಿಲ್ಲ, ಮಡದಿಮಕ್ಕಳಿಲ್ಲ, ಹೊಳೆ ಬಾವಿ ಕೆರೆಗಳಲ್ಲಿ ಸ್ನಾನ, ಹರಕು ಬಟ್ಟೆ, ಧೂಳು ಮೆತ್ತಿದ ಅಂಗಾಂಗ, ನೆಲವೇ ಹಾಸಿಗೆ, ಕೈಗಳೇ ಹೊದಿಕೆ. ಇಷ್ಟೆಲ್ಲ ಹೇಳಿಕೊಂಡವನೇ ‘ಅಭಿಮಾನಮೇರು’ ಎಂಬ ಬಿರುದನ್ನೂ ಧರಿಸಿದವನು.

ಮಂತ್ರಿಯ ಆಶ್ರಯದಲ್ಲಿ ಬರೆದ ಕವಿಯು ತನ್ನ ಕುರೂಪವನ್ನು ಇಷ್ಟು ನೇರವಾಗಿ ಹೇಳಿದ್ದು ವಿನಯದ ಸಂಪ್ರದಾಯವೆಂದು ಕೆಲವರಿಗೆ ಕಾಣಬಹುದು. ನನಗೆ ಹಾಗೆ ಕಾಣುವುದಿಲ್ಲ. ದೇಹವನ್ನೇ ತಾನೆಂದು ಬಗೆದವನು ಬಹಿರಾತ್ಮ, ದೇಹದಿಂದ ತನ್ನನ್ನು ಬೇರೆಯಾಗಿ ಕಂಡವನು ಅಂತರಾತ್ಮ, ಕರ್ಮವೆಲ್ಲ ಕಳೆದವನು ಪರಮಾತ್ಮ ಎಂದು ಜೈನಾಚಾರ್ಯರು ಎಣಿಸಿದ ಮೆಟ್ಟಿಲುಗಳಲ್ಲಿ ಎರಡನೆಯದರ ಮೇಲೆ ನಿಂತು ಮೊದಲನೆಯದನ್ನು ನೋಡುವವನಿಗೆ ತನ್ನ ಮೈಯ ವರ್ಣನೆಯಲ್ಲಿ ನಾಚಿಕೆಯೂ ಇಲ್ಲ, ಅಲಂಕಾರದ ಆಸೆಯೂ ಇಲ್ಲ. ಅದೇ ಆಚಾರ್ಯರ ದ್ರವ್ಯಪರ್ಯಾಯ ವಿಚಾರವು ರೆಂಬ್ರಾಂಟನ ಪಟಗಳ ಸಾಲಿಗೂ ಬೆಳಕು ಕೊಡುತ್ತದೆ. ತಾರುಣ್ಯದ ಹುಮ್ಮಸ್ಸಿನ ಮುಖ, ಸಿರಿವಂತಿಕೆಯ ಮುಖ, 1656ರಲ್ಲಿ ಸಾಲ ತೀರಿಸಲಾರದೆ ಮನೆಮಾರು ಪಟ್ಟಿಗೇರಿದ ತರುವಾಯದ ಮುಖ, ಕೊನೆಯ ವರ್ಷದ ಊದಿದ ಕೆನ್ನೆಯ ಮುಖ — ಇವು ಒಂದೊಂದೂ ಪರ್ಯಾಯಗಳು, ಹುಟ್ಟುತ್ತವೆ, ಅಳಿಯುತ್ತವೆ, ಇವುಗಳ ಮೂಲಕ ಹಾದುಬಂದ ದ್ರವ್ಯವು ಯಾವ ಒಂದು ಪಟದಲ್ಲಿಯೂ ಇಲ್ಲ, ಸಾಲಿನಲ್ಲಿ ಮಾತ್ರ ಊಹೆಗೆ ಸಿಕ್ಕುತ್ತದೆ. ಭಾಟ್ಟರಿಗೆ ಇಲ್ಲೊಂದು ಗೆಲುವು ಸಲ್ಲಬೇಕೆಂದು ಒಪ್ಪುತ್ತೇನೆ: ದ್ರವ್ಯವಾಗಿ ಆತ್ಮವು ವಿಷಯವಾಗುತ್ತದೆಂಬ ಅವರ ಮಾತಿಗೆ ನಾಲ್ಕು ದಶಕಗಳ ತಾಳ್ಮೆಯಿಂದ ಒಬ್ಬ ಚಿತ್ರಕಾರನು ಬಹುಮಟ್ಟಿಗೆ ಪುಷ್ಟಿಕೊಟ್ಟಿದ್ದಾನೆ. ಒಂದೇ ಸಲ ಕನ್ನಡಿ ನೋಡಿದವನಿಗೆ ಆ ಅಧಿಕಾರವಿಲ್ಲ. ಶಹಾಬಾದಿ ಫರಸಿಯ ಮೇಲೆ ನೀರೊರೆಸಿದ ಕ್ಷಣದಲ್ಲಿ ಕಂಡು ಆರಿಹೋಗುವ ಮುಖದಂತೆ ಅವನ ಅರಿವು.

ಪುಷ್ಪದಂತನ ಚಿತ್ರವು ಮಾತ್ರ 965ಕ್ಕೆ ಮುಗಿಯಲಿಲ್ಲ. 972ರಲ್ಲಿ ಧಾರೆಯ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡು ಸುಟ್ಟನು. ಮಹಾಪುರಾಣದ ಕೆಲವು ಹಸ್ತಪ್ರತಿಗಳಲ್ಲಿ, ಕಥೆಗೆ ಸಂಬಂಧವಿಲ್ಲದ ಒಂದು ಸಂಸ್ಕೃತ ಪದ್ಯವು ಸೇರಿಕೊಂಡಿದೆ. ದೀನರಿಗೂ ಅನಾಥರಿಗೂ ಧನದಂತಿದ್ದ, ಜನಸಮೃದ್ಧವಾಗಿದ್ದ, ಹೂಬಳ್ಳಿಗಳ ತೋಟಗಳಿಂದ ತುಂಬಿದ್ದ ಆ ನಗರವು ಧಾರಾಧೀಶನ ಕೋಪಾಗ್ನಿಯಲ್ಲಿ ಬೆಂದುಹೋಯಿತೆಂದು ಹೇಳಿ, ಕವಿಯು ತನ್ನ ಹೆಸರನ್ನೇ ಹಿಡಿದು, ಪುಷ್ಪದಂತನು ಇನ್ನೆಲ್ಲಿ ವಾಸಮಾಡಿಯಾನು ಎಂದು ಕೇಳುತ್ತಾನೆ. ಮನೆಯಿಲ್ಲವೆಂದು ಹೆಮ್ಮೆಯಿಂದ ಬರೆದುಕೊಂಡಿದ್ದವನಿಗೆ ಮನೆಯಿತ್ತೆಂಬುದು ಹೀಗೆ, ಉರಿಯುವ ಊರನ್ನು ನೋಡುತ್ತಿದ್ದಾಗ, ಅವನ ಬಾಯಿಂದಲೇ ಹೊರಬಿದ್ದಿತು.