ಕಪಿಲಕೇಶಕ್ಕೆ ಯಾವ ಗೋತ್ರ?

ಕಪಿಲವರ್ಣದ, ಪಿಂಗಲ ಛಾಯೆಯ ಮಗ ಬೇಕೆನ್ನುವವರು ಮೊಸರನ್ನ ಮಾಡಿಸಿ, ತುಪ್ಪ ಹಾಕಿಕೊಂಡು ಗಂಡಹೆಂಡತಿ ಇಬ್ಬರೂ ಉಣ್ಣಬೇಕು ಎನ್ನುತ್ತದೆ ಬೃಹದಾರಣ್ಯಕ ಉಪನಿಷತ್ತಿನ 6ನೆಯ ಅಧ್ಯಾಯ. ಆ ಮಗ ಎರಡು ವೇದ ಓದುತ್ತಾನೆ. ಬೆಳ್ಳಗಿನ ಮಗ ಬೇಕಿದ್ದರೆ ಹಾಲನ್ನ. ಅವನ ಪಾಲಿಗೆ ಒಂದೇ ವೇದ. ಕಪ್ಪು ಮೈಯ, ಕೆಂಗಣ್ಣಿನ ಮಗ ಬೇಕಿದ್ದರೆ ನೀರಿನಲ್ಲಿ ಬೆಂದ ಬರಿಯ ಅನ್ನ ಸಾಕು. ಅವನಿಗೆ ಮೂರು ವೇದ. ಕಾಲೇಜಿನಲ್ಲಿ ಸಂಸ್ಕೃತ ಪಾಠ ಮಾಡುವಾಗ ಈ ಭಾಗ ಬಂದರೆ ಹುಡುಗರ ಗಮನ ಮೊಸರನ್ನದ ಮೇಲಿರುತ್ತಿತ್ತು, ನನ್ನ ಗಮನ ಆ ಲೆಕ್ಕದ ಮೇಲೆ. ಮೈ ಕಪ್ಪಾದಷ್ಟೂ ವೇದ ಹೆಚ್ಚು! ಮುಂದಿನ ಮಂತ್ರದಲ್ಲೇ ಪಂಡಿತೆಯಾದ ಮಗಳಿಗಾಗಿ ಎಳ್ಳನ್ನವೂ ಇದೆ. ಭಾಷ್ಯಕಾರ ಶಂಕರರು ಮಾತ್ರ ಆ ಪಾಂಡಿತ್ಯ ಗೃಹಕೃತ್ಯದ್ದು ಎಂದು ವಿವರಿಸಿಬಿಟ್ಟರು. ಆ ಸಾಲನ್ನು ತರಗತಿಯಲ್ಲಿ ಓದುವಾಗಲೆಲ್ಲ ನಾನು ಕನ್ನಡಕ ಒರೆಸಿಕೊಳ್ಳುತ್ತಿದ್ದೆ.

ಪತಂಜಲಿಗೆ ಬಂದರೆ ಲೆಕ್ಕ ಬೇರೆ. ಕ್ರಿಸ್ತಪೂರ್ವ 2ನೆಯ ಶತಮಾನದ ಮಹಾಭಾಷ್ಯದಲ್ಲಿ ಅವರು ಬ್ರಾಹ್ಮಣನ ಗುಣಗಳನ್ನು ಹೇಳುತ್ತ ಗೌರವರ್ಣ, ಶುಚಿಯಾದ ಆಚಾರ, ಪಿಂಗಲ ಛಾಯೆಗಳ ಜೊತೆಗೆ ಕಪಿಲ ಬಣ್ಣದ ಕೂದಲನ್ನೂ ಸೇರಿಸುತ್ತಾರೆ. ಅಂಗಡಿಯಲ್ಲಿ ಕೂತ, ಉದ್ದಿನ ರಾಶಿಯಂತೆ ಕಪ್ಪಗಿರುವವನನ್ನು ಕಂಡು ಇವನು ಬ್ರಾಹ್ಮಣನೆಂದು ಯಾರೂ ತೀರ್ಮಾನಿಸುವುದಿಲ್ಲ ಎಂದೂ ಹೇಳುತ್ತಾರೆ. ಆದರೆ ಅದೇ ಚರ್ಚೆಯಲ್ಲಿ ತಪಸ್ಸು, ಓದು, ಹುಟ್ಟು ಈ ಮೂರರಿಂದ ಬ್ರಾಹ್ಮಣನಾಗುತ್ತಾನೆ, ಮೊದಲೆರಡಿಲ್ಲದವನು ಬರೀ ಜಾತಿಬ್ರಾಹ್ಮಣ ಎಂಬ ಮಾತೂ ಇದೆ. ಅಲ್ಲಿ ಕೂದಲಿಗೆ ಜಾಗವಿಲ್ಲ. ಮನುವೋ, ಕಪಿಲೆಯಾದ ಕನ್ಯೆಯನ್ನು ಮದುವೆಯಾಗಲೇಬಾರದು ಎಂದ. ಕಪಿಲೆ ಎಂದರೆ ಕಪಿಲ ಕೂದಲಿನವಳು ಎಂದು ವ್ಯಾಖ್ಯಾನಕಾರರು ಬಿಡಿಸಿ ಹೇಳಿದರು. ಗಂಡಿನ ತಲೆಯ ಮೇಲಿದ್ದರೆ ಲಕ್ಷಣ, ಹೆಣ್ಣಿನ ತಲೆಯ ಮೇಲಿದ್ದರೆ ದೋಷ. ಶಾಸ್ತ್ರವನ್ನು ಪ್ರೀತಿಯಿಂದಲೇ ಓದಿದವಳು ನಾನು, ಆದರೂ ಇಲ್ಲಿ ಶಾಸ್ತ್ರ ಮಾತಾಡುತ್ತಿದೆಯೋ ಊರಿನ ಜಗಲಿ ಮಾತಾಡುತ್ತಿದೆಯೋ ಎಂಬ ಅನುಮಾನ ನನಗೆ ಹೋಗಿಲ್ಲ.

ಈ ಪುಸ್ತಕದ ಮಾತೆಲ್ಲ ಮನೆಯ ಮಾತಾದದ್ದು ಮಗಳ ಮದುವೆಯಲ್ಲಿ. ಅಳಿಯಂದಿರು ಸ್ಕಾಟ್ಲೆಂಡಿನ ಇನ್ವರ್ನೆಸ್ ಕಡೆಯವರು. ತಲೆ, ಗಡ್ಡ, ಹುಬ್ಬು ಎಲ್ಲವೂ ಹುಣಿಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ತಂಬಿಗೆಯ ಬಣ್ಣ. ಶಿವಮೊಗ್ಗದ ಛತ್ರದಲ್ಲಿ ಪುರೋಹಿತರು ವರನ ಗೋತ್ರ ಕೇಳಿದರು. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಎಂಬ ರೂಢಿ ಇದೆಯಲ್ಲ, ಅದರಂತೆ ಹೇಳಿ ಸಂಕಲ್ಪ ಮುಗಿಸಿದರು. ಊಟಕ್ಕೆ ಕೂತಾಗ ನಮ್ಮ ಭಾವನವರು ಎಲೆಯ ಮುಂದಿನಿಂದಲೇ ಕೂಗಿದರು: ‘ನೋಡಮ್ಮ, ಪತಂಜಲಿ ಹೇಳಿದ ಲಕ್ಷಣವೆಲ್ಲ ನಿನ್ನ ಅಳಿಯನಲ್ಲೇ ಇದೆ. ಮೂಲ ಆರ್ಯರ ರಕ್ತ ಅಲ್ಲಿ ಉಳಿದಿದೆ, ನಮ್ಮಲ್ಲಿ ಕರಗಿಹೋಗಿದೆ.’ ತಮಾಷೆಗೆ ಅಂದದ್ದೇ ಇರಬಹುದು. ಆದರೆ ‘ಮೂಲ’ ಎಂಬುದು ಎಲ್ಲೋ ಒಂದು ಕಡೆ ಶುದ್ಧವಾಗಿ ಕೂತಿದೆ, ಕೂದಲು ಅದರ ಬಾವುಟ ಎಂಬ ನಂಬಿಕೆ ಅವರಿಗೆ ನಿಜವಾಗಿಯೂ ಇದೆ.

ಕೆಂಗೂದಲ ಗುಟ್ಟು ಸ್ವಲ್ಪ ಬಿಚ್ಚಿಕೊಂಡದ್ದು 1995ರಲ್ಲಿ. ನಮ್ಮ 16ನೆಯ ಕ್ರೋಮೋಸೋಮಿನಲ್ಲಿ ಎಂಸಿ1ಆರ್ ಎಂಬ ಜೀನ್ ಇದೆ. ಅದು ರೂಪಿಸುವ ಪ್ರೋಟೀನು ಬಣ್ಣ ತಯಾರಿಸುವ ಕೋಶಗಳ ಮೇಲೆ ಕೂತು, ಕಂದುಗಪ್ಪು ಬಣ್ಣದ ಯೂಮೆಲನಿನ್ ಮಾಡು ಎಂಬ ಸಂದೇಶವನ್ನು ಒಳಗೆ ದಾಟಿಸುತ್ತದೆ. ಆ ಪ್ರೋಟೀನು ಕೆಟ್ಟರೆ ಸಂದೇಶ ತಲುಪುವುದಿಲ್ಲ. ಕೋಶ ಕೆಂಪುಹಳದಿಯ ಫಿಯೋಮೆಲನಿನ್ ಮಾಡಿಕೊಂಡು ಕೂರುತ್ತದೆ. ಅಂದರೆ ಕೆಂಪು ಕೂದಲು ಹೊಸದಾಗಿ ಸೇರಿದ ಶಕ್ತಿಯೇನಲ್ಲ, ಒಂದು ಸಂದೇಶ ನಿಂತುಹೋದುದರ ಫಲ. ಅದು ಕಾಣಬೇಕಾದರೆ ಸಾಮಾನ್ಯವಾಗಿ ತಾಯಿಯಿಂದ ಬಂದ ಪ್ರತಿ, ತಂದೆಯಿಂದ ಬಂದ ಪ್ರತಿ ಎರಡೂ ಕೆಟ್ಟಿರಬೇಕು. ಇನ್ನಷ್ಟು ಜೀನ್‌ಗಳ ಕೈವಾಡವೂ ಇದೆ ಎಂದು ಬ್ರಿಟನ್ನಿನ ಲಕ್ಷಾಂತರ ಜನರ ಮಾಹಿತಿಯಿಂದ 2018ರಲ್ಲಿ ತಿಳಿಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ವಿಷಯ. ಆ ಪ್ರೋಟೀನಿನಲ್ಲಿ 317 ಅಮೈನೋ ಆಮ್ಲಗಳ ಸರಪಣಿ ಇದೆ. ಅದು ಒಂದೇ ಕಡೆ ಕೆಟ್ಟದ್ದಲ್ಲ. ಕೆಲವರಲ್ಲಿ 151ನೆಯ ಸ್ಥಾನ ಬದಲಾಗಿದೆ, ಕೆಲವರಲ್ಲಿ 160, ಇನ್ನು ಕೆಲವರಲ್ಲಿ 294. ಅವು ಬೇರೆ ಬೇರೆ ಮನುಷ್ಯರಲ್ಲಿ ಬೇರೆ ಬೇರೆಯಾಗಿ ಹುಟ್ಟಿದ ಬದಲಾವಣೆಗಳು. ಅಳಿಯಂದಿರು ಕುತೂಹಲಕ್ಕೆ ಪರೀಕ್ಷೆ ಮಾಡಿಸಿಕೊಂಡಿದ್ದರು: ಒಂದು ಪ್ರತಿಯಲ್ಲಿ 151, ಇನ್ನೊಂದರಲ್ಲಿ 294. ಒಂದು ಅಪ್ಪನ ಕಡೆಯದು, ಒಂದು ಅಮ್ಮನ ಕಡೆಯದು. ಅವರ ಒಂದೊಂದು ಕೂದಲೆಳೆಗೂ ಇಬ್ಬರು ಮೂಲಪುರುಷರು, ಅಥವಾ ಮೂಲಸ್ತ್ರೀಯರು! ಗೋತ್ರವಾದರೋ ತಂದೆಯಿಂದ ಮಗನಿಗೆ ಒಂದೇ ದಾರಿಯಲ್ಲಿ ಇಳಿಯುತ್ತದೆ. ಈ ಜೀನ್ ಮದುವೆಯಾಗಿ ಬಂದ ಸೊಸೆಯರ ಜೊತೆಗೂ ಬರುತ್ತದೆ, ಕೊಟ್ಟ ಹೆಣ್ಣುಮಕ್ಕಳ ಜೊತೆಗೂ ಹೋಗುತ್ತದೆ. ಅದಕ್ಕೆ ಪ್ರವರ ಹೇಳಲು ಹೊರಟರೆ ಯಾವ ಪುರೋಹಿತರ ಕೈಯಲ್ಲೂ ಆಗದು.

ಭಾವನವರು ಇದಕ್ಕೂ ಒಂದು ಉತ್ತರ ತಂದರು. ಎಲ್ಲಕ್ಕಿಂತ ಹಿಂದೆ ನಿಯಾಂಡರ್ತಾಲರು ಇದ್ದರಲ್ಲ, ಅವರಿಂದ ಬಂದಿರಬೇಕು. ಸ್ಪೇನಿನ ಎಲ್ ಸಿದ್ರೋನ್, ಇಟಲಿಯ ಮೊಂಟಿ ಲೆಸ್ಸಿನಿಯಲ್ಲಿ ಸಿಕ್ಕ ಮೂಳೆಗಳಲ್ಲಿ ಇದೇ ಜೀನಿನ ಕೆಲಸ ಕುಂದಿಸುವ ಬದಲಾವಣೆ ಇದೆ ಎಂದು 2007ರಲ್ಲಿ ಪ್ರಕಟವಾದದ್ದು ನಿಜ. ಆದರೆ ಅದು 307ನೆಯ ಸ್ಥಾನದ್ದು, ಇಂದಿನ ಕೆಂಗೂದಲಿನವರದ್ದಲ್ಲ. ನಿಯಾಂಡರ್ತಾಲರಲ್ಲಿ ಕೆಂಪು ಕೂದಲಿದ್ದಿದ್ದರೆ ಅದು ಅವರದೇ ಕೆಂಪು. ಸ್ಕಾಟ್ಲೆಂಡ್, ಐರ್ಲೆಂಡಿನಿಂದ ಬಹು ದೂರದಲ್ಲಿ, ರಷ್ಯಾದ ಉದ್ಮುರ್ತ್ ಜನರಲ್ಲೂ ಕೆಂಗೂದಲು ಹೇರಳ. ಆಫ್ರಿಕದ ಬಿಸಿಲಿನಲ್ಲಿ ಈ ಜೀನ್ ಬದಲಾಗಲು ಅವಕಾಶ ಕಡಿಮೆಯಿತ್ತು. ಬಿಸಿಲು ಕಡಿಮೆಯಾದ ಉತ್ತರದಲ್ಲಿ ಆ ಕಟ್ಟು ಸಡಿಲವಾಯಿತು ಎಂಬುದು ಒಂದು ವಿವರಣೆ. ಶುದ್ಧಿಯ ಮಾತು ಅಲ್ಲೆಲ್ಲೂ ಬರುವುದಿಲ್ಲ.

ಮೈಬಣ್ಣದಲ್ಲಿ ಸ್ವಭಾವವನ್ನು ಓದುವ ಚಟ ನಮ್ಮವರದ್ದು ಮಾತ್ರವಲ್ಲ. ಹೀಬ್ರೂ ಬೈಬಲ್ಲಿನಲ್ಲಿ ಏಸಾವ ಕೆಂಪಾಗಿ ಹುಟ್ಟುತ್ತಾನೆ, ಆಶೀರ್ವಾದ ಕಳೆದುಕೊಳ್ಳುತ್ತಾನೆ. ದಾವೀದನೂ ಕೆಂಪು; ಅವನು ದೇವರು ಆರಿಸಿದ ಅರಸ. ಯೆಹೂದಿ ಗುರುಗಳಿಗೆ ಇದು ಕಾಡಿರಬೇಕು. ಅವರು ಕಟ್ಟಿದ ಕಥೆಯಲ್ಲಿ, ಅಭಿಷೇಕ ಮಾಡಲು ಬಂದ ಸಮುವೇಲನು ದಾವೀದನ ಬಣ್ಣ ಕಂಡು ಇವನೂ ಏಸಾವನಂತೆ ರಕ್ತ ಹರಿಸುವವನೇ ಎಂದು ಹೆದರುತ್ತಾನೆ. ದೇವರು ಹೇಳುವುದಿಷ್ಟು: ಏಸಾವ ಕೊಂದದ್ದು ತನ್ನಿಚ್ಛೆಯಿಂದ, ಇವನು ಕೊಲ್ಲುವುದು ನ್ಯಾಯಸಭೆಯ ಒಪ್ಪಿಗೆಯಿಂದ. ನನಗೆ ಈ ಕಥೆ ತುಂಬ ಹಿಡಿಸಿತು. ಬಣ್ಣಕ್ಕೆ ಅರ್ಥವಿಲ್ಲ ಎಂದು ಹೇಳುವ ಧೈರ್ಯ ಅದಕ್ಕಿಲ್ಲ, ಆದರೂ ತೀರ್ಪನ್ನು ಬಣ್ಣದಿಂದ ಕಿತ್ತು ನಡತೆಗೆ ಒಪ್ಪಿಸುತ್ತದೆ. ಯುರೋಪಿನ ಚಿತ್ರಕಾರರಿಗೆ ಆ ತಾಳ್ಮೆ ಇರಲಿಲ್ಲ. ಸುವಾರ್ತೆಗಳು ಯೇಸುವನ್ನು ಹಿಡಿದುಕೊಟ್ಟ ಯೂದನ ಕೂದಲಿನ ಸುದ್ದಿಯನ್ನೇ ಎತ್ತುವುದಿಲ್ಲ, ಇವರು ಶತಮಾನಗಳ ಕಾಲ ಅವನಿಗೆ ಕೆಂಪು ಬಳಿದರು. ಥ್ರೇಸಿನವರ ದೇವರಿಗೆ ನೀಲಿ ಕಣ್ಣು, ಕೆಂಗೂದಲು, ಇಥಿಯೋಪಿಯದವರ ದೇವರು ಕಪ್ಪು ಎಂದು ಗ್ರೀಸಿನ ಕ್ಸೆನೋಫನೀಸ್ ಎಂದೋ ಕೆಣಕಿದ್ದ. ದೇವರಿಗೆ ನಮ್ಮ ಬಣ್ಣ, ದ್ರೋಹಿಗೆ ಪಕ್ಕದವನ ಬಣ್ಣ.

ಮೊಮ್ಮಗಳು ಹುಟ್ಟಿದಳು. ಕಡುಗಪ್ಪು ಕೂದಲು, ನನ್ನ ಅತ್ತೆಯವರ ಹಾಗೆ. ಭಾವನವರಿಗೆ ನಿರಾಸೆ. ಆದರೆ ತಂದೆಯ ಎರಡೂ ಪ್ರತಿಗಳು ಬದಲಾಗಿರುವುದರಿಂದ ಅವುಗಳಲ್ಲಿ ಒಂದು ಅವಳೊಳಗೆ ಬಂದೇ ಇದೆ. ಮುಂದೆ ಅವಳ ಗಂಡನಲ್ಲೂ ಅಂಥದೊಂದು ಅಡಗಿದ್ದರೆ, ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಆ ಜೋಡಿ ಕೂಡಿಬರುವ ಸಂಭವ. ಕಾಣುವ ಕುಲ, ಕಾಣದ ಕುಲ ಎರಡನ್ನೂ ಹೊತ್ತುಕೊಂಡು ಅವಳು ಸದ್ಯ ಹಲ್ಲು ಬರುವ ಸಂಕಟದಲ್ಲಿದ್ದಾಳೆ.

ಮಹಾಲಯ ಅಮಾವಾಸ್ಯೆಗೆ ನಮ್ಮವರು ತರ್ಪಣ ಬಿಡುವಾಗ ಭಾವನವರೂ ಬಂದಿದ್ದರು. ತಂದೆ, ತಾತ, ಮುತ್ತಾತ ಎಂದು ಹೆಸರು, ಗೋತ್ರ ಹಿಡಿದು ಕರೆದಾದ ಮೇಲೆ ಕೊನೆಯಲ್ಲಿ ಒಂದು ಮಂತ್ರ ಇದೆ. ಬಂಧುಗಳಾಗಿದ್ದವರಿಗೂ ಆಗಿರದವರಿಗೂ, ಬೇರೆ ಜನ್ಮದಲ್ಲಿ ಬಂಧುಗಳಾಗಿದ್ದವರಿಗೂ ಈ ನೀರು ಸಲ್ಲಲಿ ಎಂದು. ಹೆಸರಿಲ್ಲ, ಗೋತ್ರವಿಲ್ಲ. ಆ 151ನೆಯ ಸ್ಥಾನ ಮೊದಲು ಬದಲಾದದ್ದು ಯಾರಲ್ಲೋ ಅವರಿಗೂ ಇದು ಸಲ್ಲುತ್ತದಲ್ಲ ಎಂದೆ. ‘ಅದು ಬೇರೆ ಜನ್ಮದ ಬಂಧುಗಳ ಮಾತು, ಇದಕ್ಕೆಲ್ಲ ಅನ್ವಯಿಸುವುದಿಲ್ಲ’ ಎಂದರು ಭಾವನವರು. ‘ಮಗುವಿನ ಮೈಯಲ್ಲಿ ಕೂತಿದ್ದಾರೆ ಭಾವ, ಈ ಜನ್ಮದವರೇ’ ಎಂದೆ. ಅವರು ದರ್ಭೆ ಬಿಚ್ಚುತ್ತ, ಅಡಿಗೆಗೆ ಇನ್ನೆಷ್ಟು ಹೊತ್ತು ಎಂದು ಕೇಳಿದರು.