ಪುಕ್ಕಟೆ ಮಾತು

1990ರ ದಶಕದಲ್ಲಿ ಶಿವಾಜಿನಗರದ ಎಸ್‌ಟಿಡಿ ಬೂತಿನೆದುರು ರಾತ್ರಿ 11 ಗಂಟೆಯಾಗಲೆಂದು ಕಾದವರಲ್ಲಿ ನಾನೂ ಒಬ್ಬಳು. ಆಮೇಲೆ ಕಾಲು ದರ. ಓಡುವ ಮೀಟರೇ ಮಾತಿಗೆ ಲಗಾಮು. 2003ರಲ್ಲಿ ಮೊಬೈಲಿಗೆ ಬರುವ ಕರೆ ಉಚಿತವಾಯಿತು. ಕರೆದವರೇ ದುಡ್ಡು ಕೊಡುವುದು ನ್ಯಾಯವೆನಿಸಿತು. 2015ರಲ್ಲಿ ವಾಟ್ಸಾಪಿನಲ್ಲೇ ಮಾತಾಡುವುದು ಬಂದಾಗ, ಇನ್ನು ಖರ್ಚೇ ಇಲ್ಲವೆಂದು ಹಿಗ್ಗಿದೆ. ಮನೆಯಲ್ಲಿ ವೈಫೈ ಇತ್ತಲ್ಲ!

2020ರಲ್ಲಿ ಶಾಲೆ ಮುಚ್ಚಿ ಪಾಠವೆಲ್ಲ ಫೋನಿಗೆ ಬಂತು. ಒಂದು ಸಂಜೆ ಹಲಸೂರಿನ ಹುಡುಗನೊಬ್ಬನ ತಾಯಿಗೆ ವಿಡಿಯೋ ಕರೆ ಮಾಡಿ, ಅವನ ಓದಿನ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಕೊನೆಗೆ ಆಕೆ ಸಂಕೋಚದಿಂದ, "ಮಿಸ್, ಇನ್ಮೇಲೆ ಮಾಮೂಲಿ ಫೋನ್ ಮಾಡ್ತೀರಾ? ಅದಕ್ಕೆ ಬೇರೆ ದುಡ್ಡು ಹೋಗಲ್ಲ. ಇದರಲ್ಲಿ ಮಾತಾಡಿದ್ರೆ ಇವತ್ತಿನ ಡೇಟಾ ಖಾಲಿಯಾಗಿ ಮಗನ ಪಾಠ ನಿಂತುಹೋಗುತ್ತೆ" ಎಂದಳು.

ನಾಚಿಕೆಯಾಯಿತು. ಇಂಟರ್ನೆಟ್ ಕರೆಯಲ್ಲಿ ಕರೆದವರ ಡೇಟಾದಂತೆ ಎತ್ತಿಕೊಂಡವರದೂ ಕರಗುತ್ತದೆ. ವಿಡಿಯೋ ಆದರೆ ಇನ್ನೂ ಬೇಗ. ಬೂತಿನ ಮೀಟರು ನನ್ನ ಕಣ್ಣೆದುರಿಗಿತ್ತು. ಆಕೆಯ ಮನೆಯದು ನನಗೆ ಕಾಣಲಿಲ್ಲ. ನನಗೆ ಪುಕ್ಕಟೆಯಾದದ್ದು ಯಾರ ಗಂಟಿನಿಂದ ಹೋಗುತ್ತಿದೆ ಎಂದು ವಿಚಾರಿಸುವುದೂ ಧರ್ಮವಲ್ಲವೇ?

ಈಗ ಯಾರಿಗೇ ಆಗಲಿ ಮೊದಲು ಕೇಳುತ್ತೇನೆ: "ಯಾವುದರಲ್ಲಿ ಮಾಡಲಿ? ನಿಮಗೆ ಯಾವುದು ಅನುಕೂಲ?"